ಕಂತಿಗೊಂದು ಕಥೆ, ಕಥೆಗೆ ನೂರು ಕಂತು

ಟಿವಿಯಲ್ಲಿ ಕಥೆ ಹೇಳುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದರಲ್ಲಿ ಕಥೆ ಅಂದೇ ಹುಟ್ಟಿ ಅಂದೇ ಮುಗಿಯುತ್ತದೆ. ಕೊಲೆಯಾಗುತ್ತದೆ, ಪತ್ತೇದಾರ ಬರುತ್ತಾನೆ, ಗಂಟೆ ಕಳೆಯುವಷ್ಟರಲ್ಲಿ ಕೊಲೆಗಾರ ಸಿಕ್ಕಿಬೀಳುತ್ತಾನೆ; ಮುಂದಿನ ವಾರ ಅದೇ ಪತ್ತೇದಾರ, ಬೇರೆ ಹೆಣ. ಇನ್ನೊಂದರಲ್ಲಿ ಕಂತು ಮುಗಿದರೂ ಕಥೆ ಮುಗಿಯುವುದಿಲ್ಲ. ಬಾಗಿಲು ತಟ್ಟಿದ ಸದ್ದಿಗೆ ಸೊಸೆ ತಿರುಗಿ ನೋಡುವಷ್ಟರಲ್ಲಿ ಪರದೆಯ ಮೇಲೆ ‘ಸಶೇಷ’ ಎಂದು ಬೀಳುತ್ತದೆ, ಬಂದವರು ಯಾರೆಂದು ತಿಳಿಯಲು ನಾಳೆಯವರೆಗೆ ಕಾಯಬೇಕು.

ಕನ್ನಡದಲ್ಲಿ ಈ ಎರಡಕ್ಕೂ ಒಂದೇ ಹೆಸರು, ಧಾರಾವಾಹಿ. ವಾರಪತ್ರಿಕೆಗಳಲ್ಲಿ ಕಾದಂಬರಿಗಳು ಕಂತು ಕಂತಾಗಿ ಬರುತ್ತಿದ್ದಾಗ ಬಳಕೆಯಲ್ಲಿದ್ದ ಪದ ಟಿವಿಗೂ ಅಂಟಿಕೊಂಡಿತು. ಹಾಗಾಗಿ ಧಾರೆಯೇ ಇಲ್ಲದೆ ದಿನಕ್ಕೊಂದು ಪ್ರಸಂಗ ಹೇಳಿದ ‘ಸಿಲ್ಲಿ ಲಲ್ಲಿ’ಯೂ ಧಾರಾವಾಹಿಯೇ, ವರ್ಷಗಟ್ಟಲೆ ಹರಿದ ‘ಪುಟ್ಟಗೌರಿ ಮದುವೆ’ಯೂ ಧಾರಾವಾಹಿಯೇ. ಹಳೆಯ ಕಾವ್ಯಮೀಮಾಂಸೆ ಇಷ್ಟು ಉದಾರವಾಗಿರಲಿಲ್ಲ. ತನ್ನಷ್ಟಕ್ಕೆ ತಾನು ನಿಲ್ಲುವ ಒಂಟಿ ಪದ್ಯವನ್ನು ಅದು ಮುಕ್ತಕವೆಂದು ಬೇರೆಯಾಗಿಯೇ ಗುರುತಿಸಿತ್ತು. ಈ ಲೇಖನದಲ್ಲಿ ಮೊದಲ ಬಗೆಯನ್ನು ಬಿಡಿಕಂತಿನ ಸರಣಿ ಎಂದೂ ಎರಡನೆಯದನ್ನಷ್ಟೇ ಧಾರಾವಾಹಿ ಎಂದೂ ಕರೆದಿದೆ.

ಎರಡಕ್ಕೂ ಇರುವ ವ್ಯತ್ಯಾಸವನ್ನು ಕಥೆಯ ಉದ್ದದಿಂದ ಅಳೆಯುವುದಕ್ಕಿಂತ ನೆನಪಿನಿಂದ ಅಳೆಯುವುದು ಸರಿ. ಬಿಡಿಕಂತಿನ ಪಾತ್ರಗಳಿಗೆ ನಿನ್ನೆಯ ನೆನಪಿರುವುದಿಲ್ಲ. ‘ಪಾಪ ಪಾಂಡು’ವಿನ ಪಾಂಡು ನಿನ್ನೆ ಹೆಂಡತಿಯ ಕೈಲಿ ಎಷ್ಟೇ ಒದೆ ತಿಂದಿರಲಿ, ಇವತ್ತು ಮೈಮೇಲೆ ಒಂದು ಗಾಯವೂ ಇಲ್ಲದೆ ಹೊಸ ಪೆದ್ದುತನಕ್ಕೆ ತಯಾರಾಗಿರುತ್ತಾನೆ. ಅಮೆರಿಕದ ‘ದಿ ಸಿಂಪ್ಸನ್ಸ್’ ಕಾರ್ಟೂನಿನ ಬಾರ್ಟ್ 1989ರಿಂದ ಇಂದಿನವರೆಗೂ ಹತ್ತು ವರ್ಷದ ಹುಡುಗ, ನಾಲ್ಕನೇ ತರಗತಿಯನ್ನು ದಾಟಿಯೇ ಇಲ್ಲ. ಪಾತ್ರಕ್ಕೇ ನೆನಪಿಲ್ಲದ ಮೇಲೆ ನೋಡುಗರೂ ಏನನ್ನೂ ನೆನಪಿಡಬೇಕಾಗಿಲ್ಲ. ಧಾರಾವಾಹಿಯಲ್ಲಿ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಆಡಿದ ಸುಳ್ಳು, ಬಚ್ಚಿಟ್ಟ ಪತ್ರ, ಮುರಿದ ನಿಶ್ಚಿತಾರ್ಥ ಯಾವುದೂ ಅಳಿಸಿಹೋಗುವುದಿಲ್ಲ. ಆ ಭಾರವನ್ನು ಯಾರಾದರೂ ಹೊರಲೇಬೇಕು. ನೋಡುಗ ಹೊರಬೇಕೇ, ನಿರ್ಮಾಪಕ ಹೊರಬೇಕೇ, ಯಂತ್ರ ಹೊರಬೇಕೇ ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳೇ ಟಿವಿ ಕಥನದ ಚರಿತ್ರೆ. ಬರೆಯುವವರ ಅಭಿರುಚಿಯ ಪಾತ್ರ ಇದರಲ್ಲಿ ಸಾಮಾನ್ಯವಾಗಿ ಭಾವಿಸುವುದಕ್ಕಿಂತ ಚಿಕ್ಕದು.

ಪ್ರಶ್ನೆ ಟಿವಿಗಿಂತ ಹಳೆಯದು. 1891ರಲ್ಲಿ ಲಂಡನ್ನಿನ ‘ಸ್ಟ್ರಾಂಡ್’ ಮಾಸಪತ್ರಿಕೆಗೆ ಷರ್ಲಾಕ್ ಹೋಮ್ಸ್ ಕಥೆಗಳನ್ನು ಬರೆಯಲು ಹೊರಟ ಆರ್ಥರ್ ಕಾನನ್ ಡಾಯ್ಲ್‌ಗೆ ಅದು ಸ್ಪಷ್ಟವಾಗಿ ಕಂಡಿತ್ತು. ಧಾರಾವಾಹಿ ಕಾದಂಬರಿಯ ಒಂದು ಸಂಚಿಕೆ ಕೈತಪ್ಪಿದರೆ ಓದುಗ ಪತ್ರಿಕೆಯನ್ನೇ ಬಿಡಬಹುದು. ಬಿಡಿಬಿಡಿ ಕಥೆಗಳನ್ನು ಅಚ್ಚುಹಾಕಿದರೆ ಅವನು ಮರಳಿ ಬರಲು ಕಾರಣವೇ ಇರುವುದಿಲ್ಲ. ಎರಡಕ್ಕೂ ನಡುವಿನ ದಾರಿಯೆಂದರೆ ಪಾತ್ರ ಒಂದೇ ಇರಬೇಕು, ಕಥೆ ಪ್ರತಿ ತಿಂಗಳೂ ಮುಗಿಯಬೇಕು. ಈ ಉಪಾಯವನ್ನು ಡಾಯ್ಲ್ ತನ್ನ ಆತ್ಮಕಥೆಯಲ್ಲಿ ತಾನೇ ವಿವರಿಸಿದ್ದಾನೆ. ಇಂದಿನ ಪೊಲೀಸ್, ಆಸ್ಪತ್ರೆ, ವಕೀಲರ ಸರಣಿಗಳೆಲ್ಲ ಈ ಉಪಾಯದ ಮರಿಮಕ್ಕಳು. ಭಾರತದಲ್ಲಿ ಇದಕ್ಕೂ ಹಳೆಯ ಮಾದರಿಯೊಂದಿತ್ತು. ಬೇತಾಳ ಹೇಳುವ ಒಂದೊಂದು ಕಥೆಯೂ ಅಲ್ಲಲ್ಲೇ ಮುಗಿಯುತ್ತದೆ, ಹೆಣ ಮತ್ತೆ ಮರಕ್ಕೆ ಹಾರುತ್ತದೆ, ವಿಕ್ರಮ ಮತ್ತೆ ನಡೆಯುತ್ತಾನೆ. ಒಳಗಿನವು ಬಿಡಿಕಥೆಗಳು, ಹೊರಗಿನದು ಧಾರೆ. 1985ರಲ್ಲಿ ರಮಾನಂದ ಸಾಗರ್ ಇದನ್ನು ದೂರದರ್ಶನಕ್ಕೆ ತಂದಾಗ ರಚನೆಯಲ್ಲಿ ಹೊಸದಾಗಿ ಏನನ್ನೂ ಕಟ್ಟಬೇಕಾಗಿರಲಿಲ್ಲ.

ಮರುಪ್ರಸಾರದ ವ್ಯಾಪಾರ

ಅಮೆರಿಕದ ಸಂಜೆಯ ಟಿವಿ ಸುಮಾರು ಮೂವತ್ತು ವರ್ಷ ಬಿಡಿಕಂತನ್ನೇ ಹಿಡಿದು ನಿಂತದ್ದಕ್ಕೆ ಕಾರಣ ವ್ಯಾಪಾರ. 1951ರಲ್ಲಿ ಶುರುವಾದ ‘ಐ ಲವ್ ಲೂಸಿ’ ಎಂಬ ನಗೆಸರಣಿಯನ್ನು ಅಂದಿನ ರೂಢಿಯಂತೆ ನೇರಪ್ರಸಾರ ಮಾಡದೆ ಮೂರು ಕ್ಯಾಮೆರಾಗಳಲ್ಲಿ 35 ಎಂಎಂ ಫಿಲ್ಮಿಗೆ ಚಿತ್ರೀಕರಿಸಿದರು. ರೀಲು ಉಳಿದಿದ್ದರಿಂದ ಅದನ್ನು ಮತ್ತೆ ತೋರಿಸಬಹುದಿತ್ತು, ಮಾರಬಹುದಿತ್ತು. ಮರುಪ್ರಸಾರದ ಮಾರುಕಟ್ಟೆ ಬೆಳೆದಂತೆ ಒಂದು ಸರಣಿಯ ನಿಜವಾದ ಗಳಿಕೆ ಮೊದಲ ಪ್ರಸಾರದಲ್ಲಿಲ್ಲ, ಊರೂರಿನ ಸಣ್ಣ ಟಿವಿ ಕೇಂದ್ರಗಳು ಹಳೆಯ ಕಂತುಗಳನ್ನು ಕೊಂಡಾಗ ಬರುತ್ತದೆ ಎನ್ನುವುದು ನಿರ್ಮಾಪಕರಿಗೆ ಮನದಟ್ಟಾಯಿತು. ಕೊಂಡ ಕೇಂದ್ರಗಳು ಅವನ್ನು ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ ಹಾಕುತ್ತಿದ್ದವು, ಕೆಲವೊಮ್ಮೆ ಹಿಂದುಮುಂದಾಗಿಯೂ. ಸುಮಾರು ನೂರು ಕಂತುಗಳಿದ್ದರೆ ಮಾರಾಟಕ್ಕೆ ಸಲೀಸು ಎಂಬ ಲೆಕ್ಕ ಹುಟ್ಟಿದ್ದು ಆಗ. ವಾರಕ್ಕೆ ಐದರಂತೆ ಇಪ್ಪತ್ತು ವಾರಕ್ಕೆ ಸಾಕಾಗುವ ಸರಕು ಅದು. ಯಾವ ಕ್ರಮದಲ್ಲಿ ಹಾಕಿದರೂ ನಡೆಯುವ ಕಥೆಗೆ ಅಲ್ಲಿ ಬೆಲೆ. 17ನೇ ಕಂತು ನೋಡದೆ 18 ಅರ್ಥವಾಗದಂಥ ಕಥೆ ಯಾರಿಗೂ ಬೇಡವಾಗಿತ್ತು.

ಈ ಗೋಡೆಯಲ್ಲಿ ಮೊದಲು ಬಿರುಕು ಬಿಟ್ಟವುಗಳಲ್ಲಿ ‘ದಿ ಫ್ಯುಜಿಟಿವ್’ ಒಂದು. ಹೆಂಡತಿಯನ್ನು ಕೊಂದ ಸುಳ್ಳು ಆರೋಪ ಹೊತ್ತ ಡಾಕ್ಟರ್ ರಿಚರ್ಡ್ ಕಿಂಬಲ್ ಪೊಲೀಸರಿಂದ ತಪ್ಪಿಸಿಕೊಂಡು ಊರೂರು ಅಲೆಯುತ್ತ ನಿಜವಾದ ಕೊಲೆಗಾರನನ್ನು ಹುಡುಕುತ್ತಾನೆ. ಒಂದೊಂದು ಊರಿನಲ್ಲಿ ಒಂದೊಂದು ಪೂರ್ಣಕಥೆ, ಓಟ ಮಾತ್ರ ಮುಗಿಯುವುದಿಲ್ಲ. ಇದೂ ಬೇತಾಳನ ಲೆಕ್ಕವೇ. ಸರಣಿಗಳು ಜನ ಬೇಸತ್ತಾಗ ಸದ್ದಿಲ್ಲದೆ ನಿಂತುಹೋಗುವುದು ಅಂದಿನ ಪದ್ಧತಿ. ಇದರಲ್ಲಿ ಹಾಗಾಗದೆ 1967ರ ಆಗಸ್ಟ್ 29ರಂದು ಕಥೆಯನ್ನು ನಿಜವಾಗಿಯೇ ಮುಗಿಸಿದರು. ಅಂದು ಅದನ್ನು ನೋಡಿದವರು ಸುಮಾರು 7.8 ಕೋಟಿ ಜನ ಎಂದು ಅಂದಾಜು. ಕೊನೆಯೊಂದು ಬರುತ್ತದೆಂದು ಗೊತ್ತಾದರೆ ಜನ ಎಷ್ಟು ಕಾಯಬಲ್ಲರು ಎನ್ನುವುದು ಅಂದು ಸಾಬೀತಾಗಿತ್ತು. ಆದರೂ ಉದ್ಯಮ ಆ ಪಾಠವನ್ನು ಹತ್ತಾರು ವರ್ಷ ಬದಿಗಿಟ್ಟಿತು.

ಸೋಪಿನ ಕಥೆ

ಧಾರೆಯ ಕಥೆ ಅಮೆರಿಕದಲ್ಲಿ ಇರಲಿಲ್ಲವೆಂದಲ್ಲ, ಅದು ಹಗಲಿನ ಪಾಲಾಗಿತ್ತು. 1930ರ ದಶಕದಲ್ಲಿ ಮಧ್ಯಾಹ್ನದ ಹೊತ್ತು ಗೃಹಿಣಿಯರಿಗಾಗಿ ರೇಡಿಯೊದಲ್ಲಿ ಬರುತ್ತಿದ್ದ ಕೌಟುಂಬಿಕ ಕಥೆಗಳಿಗೆ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಂಥ ಸಾಬೂನು ಕಂಪನಿಗಳು ಹಣ ಹಾಕಿದ್ದರಿಂದಲೇ ‘ಸೋಪ್ ಒಪೆರಾ’ ಎಂಬ ಅಡ್ಡಹೆಸರು ಬಂತು. ಇರ್ನಾ ಫಿಲಿಪ್ಸ್ ಕಟ್ಟಿದ ‘ಗೈಡಿಂಗ್ ಲೈಟ್’ 1937ರಲ್ಲಿ ರೇಡಿಯೊದಲ್ಲಿ ಶುರುವಾಗಿ, 1952ರಲ್ಲಿ ಟಿವಿಗೆ ಬಂದು, 2009ರ ಸೆಪ್ಟೆಂಬರಿನಲ್ಲಿ ನಿಂತಿತು. ಎಪ್ಪತ್ತೆರಡು ವರ್ಷ. ಬ್ರಿಟನ್ನಿನ ‘ಕೊರೊನೇಷನ್ ಸ್ಟ್ರೀಟ್’ 1960ರ ಡಿಸೆಂಬರಿನಿಂದ ಇನ್ನೂ ನಡೆಯುತ್ತಿದೆ.

ದಿನನಿತ್ಯದ ಧಾರಾವಾಹಿ ನೆನಪಿನ ಭಾರವನ್ನು ಹಗುರ ಮಾಡಿಕೊಂಡ ರೀತಿ ಕುತೂಹಲಕಾರಿ. ಹೇಳಿದ್ದನ್ನೇ ಮತ್ತೆ ಹೇಳುವುದು ಅದರ ಕೌಶಲ. ಒಬ್ಬಳು ಗರ್ಭಿಣಿಯಾದ ಸುದ್ದಿ ಸೋಮವಾರ ಅಡುಗೆಮನೆಯಲ್ಲಿ, ಮಂಗಳವಾರ ಆಸ್ಪತ್ರೆಯಲ್ಲಿ, ಬುಧವಾರ ನೆರೆಮನೆಯಲ್ಲಿ ಹೊರಬೀಳುತ್ತದೆ. ಪ್ರತಿ ಸಲವೂ ಸುದ್ದಿ ಅದೇ, ಕೇಳಿಸಿಕೊಂಡ ಮುಖ ಬೇರೆ. ಎರಡು ದಿನ ತಪ್ಪಿಸಿಕೊಂಡವರಿಗೂ ಕಥೆ ಸಿಗುತ್ತದೆ, ತಪ್ಪದೆ ನೋಡುವವರಿಗೆ ಮುಖಗಳ ಬದಲಾವಣೆಯೇ ಕಥೆ. ಧಾರಾವಾಹಿಗಳು ಎಳೆಯುತ್ತವೆ ಎಂದು ಗೊಣಗುವವರು ಈ ಗುಟ್ಟನ್ನು ಗಮನಿಸಿರುವುದಿಲ್ಲ. ಎಳೆತವೇ ಅಲ್ಲಿನ ಜ್ಞಾಪಕಶಕ್ತಿ. ಒಗ್ಗರಣೆ ಹಾಕುತ್ತ, ಮಗುವಿಗೆ ಊಟ ಮಾಡಿಸುತ್ತ ಕಿವಿಯಿಂದಲೇ ‘ನೋಡುವ’ವರಿಗಾಗಿ ಹೊಂದಿಸಿದ ಕಥನವಿದು.

ಈ ಹಗಲಿನ ಸರಕು ರಾತ್ರಿಯ ಹೊತ್ತಿಗೆ ದಾಟಿದ್ದು ಮುಖ್ಯವಾಗಿ ‘ಡಲ್ಲಾಸ್’ ಮೂಲಕ. 1980ರ ಮಾರ್ಚ್ 21ರಂದು, ತೈಲದ ಸಾಹುಕಾರ ಜೆ.ಆರ್. ಯೂಯಿಂಗ್‌ನ ಮೇಲೆ ಯಾರೋ ಗುಂಡು ಹಾರಿಸಿದ ಗಳಿಗೆಗೆ ಆ ವರ್ಷದ ಕಂತುಗಳನ್ನು ನಿಲ್ಲಿಸಿದರು. ನಟರ ಮುಷ್ಕರದಿಂದ ಮುಂದಿನ ಭಾಗ ತಡವಾಗಿ, ಹೊಡೆದವರು ಯಾರೆಂದು ಗೊತ್ತಾದದ್ದು ನವೆಂಬರ್ 21ರಂದು. ಅಮೆರಿಕವೊಂದರಲ್ಲೇ 8 ಕೋಟಿಗೂ ಹೆಚ್ಚು ಜನ ಕೂತು ನೋಡಿದರು. ಎಂಟು ತಿಂಗಳ ಕಾಲ ನೋಡುಗರೇ ಕಥೆಯನ್ನು ನೆನಪಿನಲ್ಲಿಟ್ಟುಕೊಂಡು, ಬಾಜಿ ಕಟ್ಟಿ, ತಾವೇ ಅದರ ಜಾಹೀರಾತಾದರು.

ಮರುವರ್ಷ, 1981ರ ಜನವರಿಯಲ್ಲಿ, ಎನ್‌ಬಿಸಿಯಲ್ಲಿ ‘ಹಿಲ್ ಸ್ಟ್ರೀಟ್ ಬ್ಲೂಸ್’ ಬಂತು. ಒಂದು ಪೊಲೀಸ್ ಠಾಣೆ, ಹತ್ತಾರು ಮುಖ್ಯ ಪಾತ್ರಗಳು, ಏಕಕಾಲಕ್ಕೆ ನಡೆಯುವ ನಾಲ್ಕಾರು ಕಥೆಗಳು, ಕೆಲವು ವಾರಗಟ್ಟಲೆ ಎಳೆಯುವಂಥವು. ಮೊದಮೊದಲು ನೋಡುಗರು ಕಡಿಮೆ, ಆದರೆ ಆ ವರ್ಷ ಅದು 8 ಎಮ್ಮಿ ಪ್ರಶಸ್ತಿಗಳನ್ನು ಬಾಚಿಕೊಂಡಿತು. ಕಂತಿಗೆ ಕನಿಷ್ಠ ಒಂದಾದರೂ ಕಥೆ ಮುಗಿಯಲೇಬೇಕೆಂದು ವಾಹಿನಿ ಪಟ್ಟು ಹಿಡಿಯಿತು, ತಯಾರಕ ಸ್ಟೀವನ್ ಬಾಚ್ಕೊ ಒಪ್ಪಿದರು. ಈ ರಾಜಿಯೇ ಮುಂದಿನ ಇಪ್ಪತ್ತು ವರ್ಷದ ಒಳ್ಳೆಯ ಅಮೆರಿಕನ್ ಟಿವಿಯ ಅಚ್ಚಾಯಿತು. ಒಂದು ಕಥೆ ಇವತ್ತಿಗೆ ಮುಗಿಯುವುದು, ಒಂದು ನಾಳೆಗೆ ಉಳಿಯುವುದು, ಒಂದು ಸುಮ್ಮನೆ ಹಿನ್ನೆಲೆಯಲ್ಲಿ ಮಿಣುಕುವುದು. 1993ರ ‘ಎಕ್ಸ್-ಫೈಲ್ಸ್’ ಇದನ್ನೇ ಬೇರೆ ರೀತಿ ಹಂಚಿಕೊಂಡಿತು. ಹೆಚ್ಚಿನ ಕಂತುಗಳಲ್ಲಿ ವಾರಕ್ಕೊಂದು ವಿಚಿತ್ರ ಜೀವಿಯ ಬಿಡಿಕಥೆ, ಆಗಾಗ ಅನ್ಯಗ್ರಹದವರ ಒಳಸಂಚಿನ ಉದ್ದಕಥೆ. ಆ ಕಾಲದಲ್ಲಿ ಜನರನ್ನು ಹಿಡಿದಿಟ್ಟದ್ದು ಒಳಸಂಚು. ಇಂದು ತಿರುಗಿ ನೋಡಿದರೆ ಅದು ಗೋಜಲು ಗೋಜಲಾಗಿ ಕಾಣುತ್ತದೆ, ಬಿಡಿಕಥೆಗಳೇ ಚೆನ್ನಾಗಿ ಉಳಿದಿವೆ.

ಕೊನೆಯನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಟ ದಿಟ್ಟ ಪ್ರಯೋಗ ‘ಬ್ಯಾಬಿಲಾನ್ 5’. ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ ಅದನ್ನು ಐದು ವರ್ಷದ ಟಿವಿ ಕಾದಂಬರಿಯಾಗಿ ಯೋಜಿಸಿದರು. ಒಟ್ಟು 110 ಕಂತುಗಳಲ್ಲಿ 92ನ್ನು ಒಬ್ಬರೇ ಬರೆದರು; ಮೂರನೆಯ ಮತ್ತು ನಾಲ್ಕನೆಯ ವರ್ಷದ ಎಲ್ಲ ಕಂತುಗಳೂ ಅವರ ಕೈಬರಹವೇ. ಮೊದಲ ವರ್ಷದ ನಾಯಕನಟ ಬಿಟ್ಟುಹೋದಾಗ ಕಥೆಯನ್ನು ಬೇರೆ ಪಾತ್ರಕ್ಕೆ ದಾಟಿಸುವ ಕಿಂಡಿಗಳನ್ನೂ ಅವರು ಇಟ್ಟುಕೊಂಡಿದ್ದರು. ಆದರೆ ನಾಲ್ಕನೆಯ ವರ್ಷಕ್ಕೇ ಸರಣಿ ನಿಲ್ಲಬಹುದೆಂಬ ಭಯದಲ್ಲಿ ಮುಖ್ಯ ಎಳೆಗಳನ್ನೆಲ್ಲ ಅವಸರದಲ್ಲಿ ಕಟ್ಟಿ ಮುಗಿಸಿದರು. ಆಮೇಲೆ ಐದನೆಯ ವರ್ಷವೂ ಸಿಕ್ಕಿತು, ಹೇಳಲು ಉಳಿದದ್ದು ಕಡಿಮೆ. ‘ಲಾಸ್ಟ್’ ತಂಡದ್ದು ಇದಕ್ಕೆ ತದ್ವಿರುದ್ಧ ಸಂಕಟ. ಕಥೆ ನಡೆಯುವ ದ್ವೀಪದ ರಹಸ್ಯವನ್ನು ಎಷ್ಟು ವರ್ಷ ಎಳೆಯಬೇಕೆಂದು ತಿಳಿಯದೆ ಒದ್ದಾಡಿದ ಅವರು, 2007ರಲ್ಲಿ ಎಬಿಸಿ ವಾಹಿನಿಯೊಂದಿಗೆ 2010ಕ್ಕೆ ಮುಗಿಸುವ ಒಪ್ಪಂದ ಮಾಡಿಕೊಂಡರು. ಗೆಲ್ಲುತ್ತಿರುವ ಸರಣಿಗೆ ಮೂರು ವರ್ಷ ಮೊದಲೇ ಸಾವಿನ ದಿನ ಗೊತ್ತುಮಾಡುವುದು ವಾಹಿನಿಗಳ ಲೋಕದಲ್ಲಿ ಅಪರೂಪವಾಗಿತ್ತು.

ಯಂತ್ರ ನೆನಪಿಟ್ಟುಕೊಂಡಾಗ

1999ರ ಸುಮಾರಿಗೆ ಭಾರ ಹೊರುವ ಯಂತ್ರಗಳು ಬಂದವು. ಕಾರ್ಯಕ್ರಮವನ್ನು ತಾನಾಗಿ ಮುದ್ರಿಸಿಟ್ಟುಕೊಳ್ಳುವ ಪೆಟ್ಟಿಗೆಗಳು, ಡಿವಿಡಿ ಕಟ್ಟುಗಳು ಬಂದ ಮೇಲೆ ಕಂತು ತಪ್ಪಿಹೋಗುವ ಭಯವೇ ಕರಗಿತು. ಜಾಹೀರಾತನ್ನು ನಂಬದೆ ಚಂದಾಹಣದ ಮೇಲೆ ನಡೆಯುತ್ತಿದ್ದ ಎಚ್‌ಬಿಒ, ಒಂದೇ ಕಂತನ್ನು ವಾರದಲ್ಲಿ ಹಲವು ಸಲ ಹಾಕುತ್ತಿತ್ತು. ‘ದಿ ಸೊಪ್ರಾನೋಸ್’ (1999), ‘ದಿ ವೈರ್’ (2002) ಹುಟ್ಟಿದ್ದು ಈ ನೆಲದಲ್ಲಿ. ಬಾಲ್ಟಿಮೋರಿನ ಪೊಲೀಸರು, ಮಾದಕವಸ್ತು ಮಾರುವ ಹುಡುಗರು, ಬಂದರು, ಶಾಲೆ, ಪತ್ರಿಕೆ ಎಂದು ವರ್ಷಕ್ಕೊಂದು ಲೋಕವನ್ನು ತೆರೆದ ‘ದಿ ವೈರ್’ನ 60 ಕಂತುಗಳಲ್ಲಿ ಯಾವುದನ್ನೂ ಒಂಟಿಯಾಗಿ ನೋಡಿ ಸವಿಯಲು ಬರುವುದಿಲ್ಲ. ‘ದಿ ಸೊಪ್ರಾನೋಸ್’ ಹಾಗಲ್ಲ. ಅದರ ಹಲವು ಕಂತುಗಳು ಅಚ್ಚುಕಟ್ಟಾದ ಸಣ್ಣಕಥೆಗಳು. ಎರಡನ್ನೂ ‘ಟಿವಿ ಕಾದಂಬರಿ’ ಎಂದು ಒಂದೇ ಬುಟ್ಟಿಗೆ ಹಾಕುವ ವಿಮರ್ಶೆ ಈ ಭೇದವನ್ನು ಮರೆಯುತ್ತದೆ.

2013ರ ಫೆಬ್ರವರಿ 1ರಂದು ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ನ 13 ಕಂತುಗಳನ್ನೂ ಒಟ್ಟಿಗೇ ಬಿಟ್ಟಿತು. ಒಂದು ಮುಗಿಯುತ್ತಿದ್ದಂತೆ ಇನ್ನೊಂದು ತಾನಾಗಿ ಶುರುವಾಗುವ ವ್ಯವಸ್ಥೆಯಲ್ಲಿ ನೆನಪಿನ ಪ್ರಶ್ನೆಯೇ ಏಳುವುದಿಲ್ಲ, ನೋಡಿದ್ದು ಹತ್ತು ನಿಮಿಷದ ಹಿಂದೆ ತಾನೆ. ಲಾಭದ ಜೊತೆಗೆ ನಷ್ಟವೂ ಬಂತು. ತಾವು ಮಾಡುತ್ತಿರುವುದು ‘ಹತ್ತು ಗಂಟೆಯ ಸಿನಿಮಾ’ ಎಂದು ತಯಾರಕರು ಹೆಮ್ಮೆಯಿಂದ ಹೇಳಿಕೊಳ್ಳತೊಡಗಿದಂತೆ ಕಂತು ಎಂಬ ಘಟಕಕ್ಕಿದ್ದ ಆಕಾರ ಸಡಿಲವಾಯಿತು. ಮೊದಲೆರಡು ಕಂತು ಚುರುಕು, ಕೊನೆಯೆರಡು ಚುರುಕು, ನಡುವಿನ ನಾಲ್ಕು ಜೋತುಬಿದ್ದ ಹಗ್ಗ. ಇಂಥ ವೆಬ್ ಸರಣಿಗಳ ಪಟ್ಟಿ ಉದ್ದವಿದೆ.

ಅದೇ ಹೊತ್ತಿಗೆ ವಿಚಿತ್ರವೊಂದು ನಡೆಯಿತು. 2023ರಲ್ಲಿ ಅಮೆರಿಕದ ಸ್ಟ್ರೀಮಿಂಗ್ ವೇದಿಕೆಗಳಲ್ಲಿ ಅತಿ ಹೆಚ್ಚು ಹೊತ್ತು ನೋಡಿಸಿಕೊಂಡದ್ದು ಹೊಚ್ಚಹೊಸ ಧಾರಾವಾಹಿಯಲ್ಲ, 2011ರಿಂದ 2019ರವರೆಗೆ ಕೇಬಲ್ಲಿನಲ್ಲಿ ಬಂದು ಮುಗಿದಿದ್ದ ವಕೀಲರ ಸರಣಿ ‘ಸೂಟ್ಸ್’. ವೀಕ್ಷಣೆ ಅಳೆಯುವ ನೀಲ್ಸನ್ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 5,770 ಕೋಟಿ ನಿಮಿಷ. ವಾರಕ್ಕೊಂದು ಮೊಕದ್ದಮೆ, ಹಿನ್ನೆಲೆಯಲ್ಲಿ ಒಂದು ಗುಟ್ಟು; ಹಿಲ್ ಸ್ಟ್ರೀಟಿನ ಹಳೆಯ ರಾಜಿ ಸೂತ್ರವೇ. ಅದೇ ವರ್ಷ ರಿಯಾನ್ ಜಾನ್ಸನ್ ‘ಪೋಕರ್ ಫೇಸ್’ ತಂದರು. ಕೊಲೆಗಾರ ಯಾರೆಂದು ಮೊದಲೇ ತೋರಿಸಿ, ಸಿಕ್ಕಿಬೀಳುವುದು ಹೇಗೆ ಎಂಬುದನ್ನು ಕಥೆಯಾಗಿಸುವ ‘ಕೊಲಂಬೊ’ ಸರಣಿಯ ಧಾಟಿ ಅದರದು. ‘ಸ್ಟಾರ್ ಟ್ರೆಕ್’ ಪರಿವಾರ ಕೂಡ 2022ರ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಮೂಲಕ ವಾರಕ್ಕೊಂದು ಗ್ರಹದ ಹಳೆಯ ಪದ್ಧತಿಗೆ ಮರಳಿತು.

ಆಗುಂಬೆಯಿಂದ ಸಂಜೆಯ ಸೀರಿಯಲ್ಲಿಗೆ

ಭಾರತದಲ್ಲಿ ಹೆಜ್ಜೆಗಳ ಕ್ರಮವೇ ಬೇರೆ. 1984ರ ಜುಲೈ 7ರಂದು ದೂರದರ್ಶನದಲ್ಲಿ ಶುರುವಾದ ‘ಹಮ್ ಲೋಗ್’ ಮೊದಲ ಹೆಜ್ಜೆಗೇ ಧಾರೆಯ ಕಥೆ. ಅದರ ಮೂಲ ಪ್ರೇರಣೆ ಮೆಕ್ಸಿಕೊದ್ದು. ಅಕ್ಷರ ಕಲಿಕೆ, ಕುಟುಂಬ ಯೋಜನೆಗಳಂಥ ವಿಷಯವನ್ನು ಟಿವಿ ಕಥೆಯೊಳಗೆ ಹೆಣೆಯುವ ಮಿಗೆಲ್ ಸಬೀಡೊ ಅವರ ಪ್ರಯೋಗ. ಮನೋಹರ ಶ್ಯಾಮ ಜೋಶಿ ಬರೆದ ಕಥೆಯ ಕೊನೆಯಲ್ಲಿ ನಟ ಅಶೋಕ್ ಕುಮಾರ್ ಕಾಣಿಸಿಕೊಂಡು ಆ ದಿನದ ಕಂತನ್ನು ಕುರಿತು ನಾಲ್ಕು ಮಾತಾಡುತ್ತಿದ್ದರು. ನೆನಪಿಸುವ ಕೆಲಸಕ್ಕೆ ಮನೆಯ ಹಿರಿಯರೊಬ್ಬರನ್ನು ನೇಮಿಸಿದಂತಿತ್ತು. 1987ರ ‘ರಾಮಾಯಣ’ಕ್ಕೆ ಆ ತೊಂದರೆಯೂ ಇರಲಿಲ್ಲ. ಒಂದು ಭಾನುವಾರ ತಪ್ಪಿದರೂ ಸೀತಾಪಹರಣ ಆಯಿತೇ ಇಲ್ಲವೇ ಎಂದು ಯಾರೂ ಕೇಳಬೇಕಾಗಿರಲಿಲ್ಲ. ನೆನಪು ಸಾವಿರಾರು ವರ್ಷದ್ದು.

ಶಂಕರ್ ನಾಗ್ 1986ರಲ್ಲಿ ‘ಮಾಲ್ಗುಡಿ ಡೇಸ್’ ಮಾಡಿದಾಗ ಎರಡೂ ದಾರಿಗಳನ್ನು ಒಟ್ಟಿಗೆ ಬಳಸಿದರು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿ ಹಲವು ಕಂತುಗಳಲ್ಲಿ ಮುಂದುವರಿಯಿತು. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ, ಗಿರೀಶ ಕಾರ್ನಾಡರು ಅವನ ತಂದೆಯಾಗಿ ಇದ್ದರು. ಅನಂತ್ ನಾಗ್ ಜಗನ್ ಪಾತ್ರ ಮಾಡಿದ ಮಿಠಾಯಿ ವ್ಯಾಪಾರಿಯ ಕಥೆಯೂ ಹಾಗೆಯೇ ಹಲವು ಕಂತು ನಡೆಯಿತು. ಉಳಿದಂತೆ ಆರ್.ಕೆ. ನಾರಾಯಣರ ಸಣ್ಣಕಥೆಗಳು ಕಂತಿಗೊಂದರಂತೆ ಬಂದವು. ಇಲ್ಲಿ ನಾಯಕನಿಗಿಂತ ಊರು ಸ್ಥಿರ. ಚಿತ್ರೀಕರಣ ನಡೆದ ಆಗುಂಬೆಯ ಬೀದಿ, ಅದೇ ಮನೆಗಳ ಜಗಲಿ, ಆರ್.ಕೆ. ಲಕ್ಷ್ಮಣರ ರೇಖಾಚಿತ್ರ, ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತ ಇವಿಷ್ಟೇ ಕಂತುಗಳನ್ನು ಕಟ್ಟಿದ ದಾರ. ಒಬ್ಬನೇ ನಟ ಬೇರೆ ಬೇರೆ ಕಂತುಗಳಲ್ಲಿ ಬೇರೆ ಬೇರೆ ಮನುಷ್ಯನಾಗಿ ಬಂದರೂ ಯಾರಿಗೂ ಮುಜುಗರವಾಗಲಿಲ್ಲ. ದೂರದರ್ಶನ ಹದಿಮೂರು ಹದಿಮೂರು ಕಂತುಗಳ ಲೆಕ್ಕದಲ್ಲಿ ಅನುಮತಿ ಕೊಡುತ್ತಿದ್ದ ಕಾಲವದು. ಮೂರು ತಿಂಗಳಿಗೆ ಹದಿಮೂರು ವಾರ, ಕಥೆಯ ಅಳತೆಯೂ ಅಷ್ಟೇ.

ಆ ಅಳತೆಯನ್ನು ಕನ್ನಡದಲ್ಲಿ ಮುರಿದ ದೊಡ್ಡ ಹೆಸರು 1998ರ ‘ಮಾಯಾಮೃಗ’. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ ಈ ದೈನಿಕ ಧಾರಾವಾಹಿ ಚಂದನದಲ್ಲಿ ಬರುವ ಹೊತ್ತಿಗೆ ಮಧ್ಯಮವರ್ಗದ ಮನೆಗಳು ಟಿವಿ ಮುಂದೆ ಸೇರುತ್ತಿದ್ದವು. ಸೀತಾರಾಮ್ ಅವರ ಮುಂದಿನ ಧಾರಾವಾಹಿಗಳಲ್ಲಿ ಕೋರ್ಟಿನ ದೃಶ್ಯಗಳು ಹೆಚ್ಚಿದ್ದಕ್ಕೆ ರಚನೆಯ ಕಾರಣವೂ ಇದ್ದಿರಬೇಕು. ಹರಿಯುತ್ತಲೇ ಇರುವ ಸಂಸಾರದ ಕಥೆಯ ನಡುವೆ ಮೊಕದ್ದಮೆಯೊಂದು ಶುರುವಾಗಿ, ವಾದವಾಗಿ, ತೀರ್ಪಾಗಿ ಮುಗಿಯುತ್ತದೆ. ಬಿಡಿಕಥೆ ಕೊಡುವ ತೃಪ್ತಿ ಧಾರೆಯೊಳಗೇ ಸಿಗುತ್ತದೆ.

2000ದ ನಂತರ ಖಾಸಗಿ ವಾಹಿನಿಗಳಲ್ಲಿ ಸಂಜೆಯ ಹೊತ್ತು ಪೂರಾ ದೈನಿಕ ಧಾರಾವಾಹಿಗಳ ಕೈಗೆ ಹೋಯಿತು. ಹಿಂದಿಯಲ್ಲಿ ‘ಕ್ಯೂಂಕಿ ಸಾಸ್ ಭಿ ಕಭಿ ಬಹೂ ಥಿ’ ಎಂಟು ವರ್ಷದಲ್ಲಿ 1,800ಕ್ಕೂ ಹೆಚ್ಚು ಕಂತು ಓಡಿತು. ‘ಸಿಐಡಿ’ಯಂಥ ಬಿಡಿಕಂತಿನ ಸರಣಿ ಇಪ್ಪತ್ತು ವರ್ಷ ನಡೆದದ್ದೂ ನಿಜ, ಆದರೆ ಹಾಗೆ ನಡೆದವು ಕೈಬೆರಳಲ್ಲಿ ಎಣಿಸುವಷ್ಟು. ವಾರಕ್ಕೆ ಐದಾರು ಹೊಸ ಕಥೆ ಹೊಸೆಯುವುದು ಯಾವ ಬರವಣಿಗೆ ತಂಡಕ್ಕೂ ಕಷ್ಟ. ಪ್ರತಿ ಕಥೆಗೂ ಹೊಸ ಪಾತ್ರ, ಹೊಸ ಜಾಗ ಬೇಕು, ಖರ್ಚು ಏರುತ್ತದೆ. ಒಂದೇ ಮನೆಯ ಸೆಟ್ಟು, ಅದೇ ಹತ್ತು ಮುಖ, ಒಂದೇ ತಾಳಿಯ ಸುತ್ತ ಎರಡು ತಿಂಗಳು ಎಂದರೆ ಲೆಕ್ಕ ಹಗುರ. ಪ್ರತಿವಾರ ಬರುವ ಟಿಆರ್‌ಪಿ ನೋಡಿ ಕಥೆಯನ್ನು ತಿರುಗಿಸಲೂ ಬರುತ್ತದೆ. ಜನ ಖಳನಾಯಕಿಯನ್ನು ಮೆಚ್ಚಿದರೆ ಅವಳ ಆಯುಸ್ಸು ಹೆಚ್ಚುತ್ತದೆ, ನಾಯಕನ ತಮ್ಮ ಸಪ್ಪೆಯಾದರೆ ಅವನು ವಿದೇಶಕ್ಕೆ ಹೋಗುತ್ತಾನೆ.

ಇಂಥ ಕಥೆಗೆ ಕೊನೆ ಒಳಗಿನಿಂದ ಬರುವುದಿಲ್ಲ. ಅಂಕಿ ಕುಸಿದು, ಆ ಸಮಯ ಹೊಸದೊಂದು ಧಾರಾವಾಹಿಗೆ ಬೇಕಾದಾಗ ಕೆಲವೇ ದಿನಗಳಲ್ಲಿ ಮುಗಿಸಲು ಹೇಳಿಕೆ ಬರುತ್ತದೆ. ವರ್ಷಗಟ್ಟಲೆ ಎಳೆದ ದ್ವೇಷ ಒಂದು ವಾರದಲ್ಲಿ ಕರಗುತ್ತದೆ, ಕಳೆದುಹೋದ ಮಗು ಸಿಗುತ್ತದೆ, ಅತ್ತೆ ಕೈಮುಗಿದು ಕ್ಷಮೆ ಕೇಳುತ್ತಾಳೆ. ಕೊನೆಯ ಕಂತಿನಲ್ಲಿ ಇಡೀ ಸಂಸಾರ ಮನೆಯ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತದೆ. ಸೋಮವಾರ ಅದೇ ಹೊತ್ತಿಗೆ ಇನ್ನೊಂದು ಮನೆಯ ಬಾಗಿಲು ತಟ್ಟಿದ ಸದ್ದಾಗುತ್ತದೆ.